ಬೆಕ್ಕಿಗೆ ಎಂಟನೆಯ ಮನೆ

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನೆಲೆಸಿರುವ ಕನ್ನಡಿಗರು. ಈ ಚಳಿಗಾಲದಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವಂಥ ಹಳೆಯ ಕ್ಯಾರವಾನ್ ಒಂದನ್ನು ಕೊಂಡೆವು. ಬೇಸಿಗೆ ರಜೆಯಲ್ಲಿ ಕಾರ್ನ್‌ವಾಲ್‌ಗೂ ಮುಂದಿನ ವರ್ಷ ಫ್ರಾನ್ಸಿಗೂ ಹೋಗುವ ಆಸೆಯಿದೆ. ನಮ್ಮ ನಾಲ್ಕು ವರ್ಷದ ಹೆಣ್ಣು ಬೆಕ್ಕು ಚಿನ್ನಿಯನ್ನು ಬಿಟ್ಟು ಬರಲು ಮಕ್ಕಳು ಒಪ್ಪುತ್ತಿಲ್ಲ. ಅವಳು ಬಾಗಿಲಿನ ಕಿಂಡಿಯಿಂದ ತನಗೆ ಬೇಕೆನಿಸಿದಾಗ ಹಿತ್ತಲಿಗೆ ಹೋಗಿ ಬರುವವಳು. ಶಿವಮೊಗ್ಗದಿಂದ ಬಂದಿರುವ ಅಮ್ಮ ಮಾತ್ರ, "ನಾಯಿ ಜನರನ್ನ ನಂಬತ್ತೆ, ಬೆಕ್ಕು ಮನೇನ ನಂಬತ್ತೆ. ಅದನ್ನ ಊರೂರು ಸುತ್ತಿಸಬೇಡ್ರೇ" ಅನ್ನುತ್ತಾರೆ. ಬೆಕ್ಕನ್ನು ಕ್ಯಾರವಾನ್‌ನಲ್ಲಿ ಕರೆದುಕೊಂಡು ಹೋಗಬಹುದೇ? ಅಮ್ಮ ಹೇಳುವುದು ನಿಜವೇ?

ಉತ್ತರ: ಕರೆದುಕೊಂಡು ಹೋಗಬಹುದು. ಆದರೆ ಮೊದಲ ಪ್ರಯಾಣವೇ ಕಾರ್ನ್‌ವಾಲ್‌ಗೆ ಬೇಡ. ಚಿನ್ನಿಯ ಮೊದಲ ಕ್ಯಾರವಾನ್ ರಜೆ ನಿಮ್ಮ ಮನೆಯ ಮುಂದೆಯೇ, ಗಾಲಿ ಒಂದು ಸುತ್ತೂ ಉರುಳದಂತೆ ಕಳೆಯಬೇಕು. ಯಾಕೆ ಎನ್ನುವುದಕ್ಕೆ ಕಾರಣ ನಿಮ್ಮ ಅಮ್ಮನ ಮಾತಿನಲ್ಲೇ ಇದೆ.

ಅವರ ಮಾತು ಅನುಭವದಿಂದ ಬಂದದ್ದು. ನಮ್ಮ ಹಳ್ಳಿಗಳಲ್ಲಿ ಹಾಲಿನ ಪಾತ್ರೆಗೆ ಬಾಯಿಟ್ಟ ಬೆಕ್ಕನ್ನು ಗೋಣಿಚೀಲಕ್ಕೆ ಹಾಕಿ, ಹೊಳೆಯಾಚೆ ಬಿಟ್ಟು ಬರುತ್ತಿದ್ದರು. ಕೆಲವು ದಿನ ಕಳೆದ ಮೇಲೆ ಅದು ಮತ್ತೆ ಅದೇ ಒಲೆಯ ಬುಡದಲ್ಲಿ ಮೈ ಕಾಯಿಸಿಕೊಳ್ಳುತ್ತ ಕೂತಿರುತ್ತಿತ್ತು. ಆದರೆ ಅದೇ ಹಳ್ಳಿಗಳಲ್ಲಿ ಇನ್ನೊಂದು ಮಾತೂ ಇದೆ: ಹೆತ್ತ ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ. ಮನೆಯನ್ನು ಅಷ್ಟು ನಂಬುವ ಪ್ರಾಣಿ ಏಳು ಮನೆ ಬದಲಿಸುವುದು ಹೇಗೆ?

ತಾಯಿ ಬೆಕ್ಕು ಮರಿ ಸಾಗಿಸುವುದನ್ನು ನಿಮ್ಮ ಅಮ್ಮ ಖಂಡಿತ ನೋಡಿರುತ್ತಾರೆ, ಕೇಳಿ ನೋಡಿ. ಅದು ಮೊದಲು ಒಂದೇ ಹೋಗಿ ಜಾಗ ನೋಡಿ ಬರುತ್ತದೆ. ಅಟ್ಟದ ಮೂಲೆಯನ್ನೋ ಸೌದೆ ಒಟ್ಟಿಲಿನ ಸಂದನ್ನೋ ಮೂಸಿ, ಅಲ್ಲೇ ಸ್ವಲ್ಪ ಹೊತ್ತು ಕೂತು ಸುತ್ತಮುತ್ತ ಆಲಿಸುತ್ತದೆ. ಮನಸ್ಸಿಗೆ ಬಂದರೆ ಮಾತ್ರ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ತರುತ್ತದೆ. ಮರಿಗೆ ಅಲ್ಲಿ ಹೊಸದು ಗೋಡೆ ಮಾತ್ರ. ತಾಯಿಯ ಮೈವಾಸನೆ, ಒಡಹುಟ್ಟಿದವುಗಳ ಬಿಸುಪು ಹಳೆಯವೇ. ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ: ತಾಯಿ ಬೆಕ್ಕು ಮರಿಗೆ ಮಾಡುವುದನ್ನು ನೀವು ಚಿನ್ನಿಗೆ ಮಾಡಬೇಕು. ಕ್ಯಾರವಾನ್ ಅವಳ ಎಂಟನೆಯ ಮನೆಯಾಗಬೇಕು. ಆದ ಮೇಲೆ ಅದು ಎಲ್ಲಿಗೆ ಹೋಗಿ ನಿಂತರೂ ಅವಳು ತನ್ನ ಮನೆಯೊಳಗೇ ಇರುತ್ತಾಳೆ.

ಚಿನ್ನಿ ಬಾಗಿಲಿನ ಚೌಕಟ್ಟಿಗೆ, ಕುರ್ಚಿಯ ಕಾಲಿಗೆ, ನಿಮ್ಮ ಕಣಕಾಲಿಗೆ ಕೆನ್ನೆ ಉಜ್ಜುತ್ತಾಳಲ್ಲ, ಅದರಲ್ಲಿ ಮುದ್ದಷ್ಟೇ ಇಲ್ಲ. ಬೆಕ್ಕಿನ ಕೆನ್ನೆ, ಗಲ್ಲ, ಪಂಜಗಳಲ್ಲಿ ವಾಸನೆಯ ಗ್ರಂಥಿಗಳಿವೆ. ಉಜ್ಜಿದ ಕಡೆಯಲ್ಲೆಲ್ಲ 'ಇದು ನನ್ನ ಜಾಗ, ಇಲ್ಲಿ ಭಯವಿಲ್ಲ' ಎಂಬ ಗುರುತು ಉಳಿಯುತ್ತದೆ. ನಮ್ಮ ಮನೆಬೆಕ್ಕುಗಳ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು. ಅದು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ನಾಯಿಯ ಪೂರ್ವಜರಿಗೆ ಹಿಂಡು ಆಸರೆಯಾಗಿದ್ದರೆ ಇದಕ್ಕೆ ಆಸರೆ ತಾನು ಚೆನ್ನಾಗಿ ಬಲ್ಲ ನೆಲ. ಗುರುತಿನ ವಾಸನೆಯಿಲ್ಲದ ಕಡೆ ಬಿಟ್ಟರೆ ಬೆಕ್ಕು ತಾನು ಬೇಟೆಗಾರ ಎಂಬುದನ್ನು ಮರೆತು, ತಾನೇ ಯಾರದೋ ಬೇಟೆ ಎಂಬಂತೆ ಅಡಗುತ್ತದೆ. ಹಾಗಾಗಿ ಅಪರಿಚಿತ ಕ್ಯಾರವಾನ್‌ನಲ್ಲಿ ಮೂಲೆ ಸೇರಿದ ಬೆಕ್ಕನ್ನು ಹಟಮಾರಿ ಎನ್ನಬಾರದು. ಅದು ಹೆದರಿದೆ.

ಬೆಕ್ಕು ಊರು ಸುತ್ತಲಾರದು ಎಂಬುದನ್ನು ಸುಳ್ಳಾಗಿಸಿದ ಬೆಕ್ಕು ಇಂಗ್ಲಿಷ್ ನಾವಿಕ ಮ್ಯಾಥ್ಯೂ ಫ್ಲಿಂಡರ್ಸ್ ಜೊತೆಗಿದ್ದ ಟ್ರಿಮ್. ಅದು ಹುಟ್ಟಿದ್ದೇ 1799ರಲ್ಲಿ, ನಡುಗಡಲಿನಲ್ಲಿ ಸಾಗುತ್ತಿದ್ದ ಹಡಗಿನ ಮೇಲೆ. ಫ್ಲಿಂಡರ್ಸ್ ಹಡಗಿನಲ್ಲಿ ಆಸ್ಟ್ರೇಲಿಯಾ ಖಂಡವನ್ನೇ ಸುತ್ತಿ ಬಂದಾಗ ಟ್ರಿಮ್ ಜೊತೆಗಿತ್ತು. ಆಮೇಲೆ ಇನ್ನೊಂದು ಹಡಗು ಒಡೆದಾಗಲೂ ಬದುಕಿ ಉಳಿಯಿತು. ಅಂಥ ಬೆಕ್ಕು ಕಾಣೆಯಾದದ್ದು ಮಾರಿಷಸ್‌ನ ಗಟ್ಟಿ ನೆಲದ ಮೇಲೆ. ಫ್ಲಿಂಡರ್ಸ್ ಅಲ್ಲಿ ಫ್ರೆಂಚರ ಸೆರೆಯಾಳಾಗಿದ್ದಾಗ ಅದನ್ನು ಬೇರೊಂದು ಮನೆಯಲ್ಲಿ ಬಿಟ್ಟರು, ಕೆಲವೇ ದಿನಗಳಲ್ಲಿ ಅದರ ಸುಳಿವು ಇಲ್ಲವಾಯಿತು. ತೇಲುವ ಹಡಗು ಅದಕ್ಕೆ ಮನೆಯಾಗಿತ್ತು. ಕದಲದ ಮನೆ ಪರಸ್ಥಳವಾಗಿತ್ತು.

ನಿಮ್ಮ ನೆರೆಯ ಊರಿನದೇ ಒಂದು ಸಂಗತಿಯನ್ನೂ ಮಕ್ಕಳಿಗೆ ಹೇಳಿ. ಕೇವಲ ವಿಹಾರಕ್ಕೆಂದು ಕಟ್ಟಿಸಿದ ಮೊದಲ ಕ್ಯಾರವಾನ್ ಎಂದು ಹೆಸರಾದ 'ವಾಂಡರರ್' 1885ರದು. ಅದನ್ನು ಕಟ್ಟಿಸಿದ ಗಾರ್ಡನ್ ಸ್ಟೇಬಲ್ಸ್ ನೌಕಾಪಡೆಯಲ್ಲಿ ವೈದ್ಯರಾಗಿದ್ದವರು, ರೆಡಿಂಗ್ ಪಕ್ಕದ ಟ್ವೈಫರ್ಡ್‌ನಲ್ಲಿ ವಾಸವಾಗಿದ್ದವರು. ಎರಡು ಕುದುರೆ ಎಳೆಯುವ ಆ ಬಂಡಿಯಲ್ಲಿ ಅವರು ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದರು. ಅದಕ್ಕೂ ಮೊದಲೇ ಅವರು ಬೆಕ್ಕುಗಳ ಬಗ್ಗೆ ಇಡೀ ಪುಸ್ತಕ ಬರೆದಿದ್ದರು. ಆದರೂ ಬಂಡಿಯಲ್ಲಿ ಅವರ ಜೊತೆ ಹೊರಟದ್ದು ಒಂದು ದೊಡ್ಡ ನಾಯಿ ಮತ್ತು ಗಿಣಿ ಜಾತಿಯ ಒಂದು ಹಕ್ಕಿ. ಬೆಕ್ಕನ್ನು ಕರೆದೊಯ್ಯುವುದು ಅವೆರಡಕ್ಕಿಂತ ತಾಳ್ಮೆ ಬೇಡುವ ಕೆಲಸ, ಸಿದ್ಧತೆಗೆ ಆರೇಳು ವಾರ ಇಟ್ಟುಕೊಳ್ಳಿ.

ಮೊದಲು ಮಾಡಬೇಕಾದದ್ದು ಒಯ್ಯುವ ಪೆಟ್ಟಿಗೆಯ ಕೆಲಸ. ಬಹಳ ಮನೆಗಳಲ್ಲಿ ಅದು ಅಟ್ಟದಿಂದ ಇಳಿಯುವುದು ವೆಟ್ ಹತ್ತಿರ ಹೋಗುವ ದಿನ ಮಾತ್ರ. ಬೆಕ್ಕಿಗೆ ಪೆಟ್ಟಿಗೆ ಎಂದರೆ ಸೂಜಿ ಎಂದು ಮನಸ್ಸಿನಲ್ಲಿ ಕೂತುಬಿಡುತ್ತದೆ. ಗಟ್ಟಿ ಪ್ಲಾಸ್ಟಿಕ್‌ನ, ಮೇಲಿನಿಂದಲೂ ತೆರೆಯುವ ಪೆಟ್ಟಿಗೆ ತನ್ನಿ. ಅದನ್ನು ನಡುಮನೆಯಲ್ಲಿ ಬಾಗಿಲು ತೆರೆದೇ ಇಡಿ, ಒಳಗೆ ಚಿನ್ನಿ ಮಲಗಿ ಹಳತಾದ, ಒಗೆಯದ ಬಟ್ಟೆ ಹಾಸಿ. ದಿನಕ್ಕೊಂದು ತುತ್ತು ಅದರೊಳಗೇ ಸಿಗಲಿ. ತಾನಾಗಿಯೇ ಹೋಗಿ ನಿದ್ದೆ ಮಾಡುವವರೆಗೆ ಬಾಗಿಲು ಮುಚ್ಚುವುದು ಬೇಡ.

ಆಮೇಲೆ ಕ್ಯಾರವಾನ್. ಬೇರೆ ಕಡೆ ನಿಲ್ಲಿಸಿದ್ದರೆ ಕೆಲವು ದಿನಕ್ಕಾದರೂ ಮನೆಯ ಮುಂದೆ ತಂದಿಡಿ. ಮೊದಲ ದಿನಗಳಲ್ಲಿ ಬಾಗಿಲು ಮುಚ್ಚಿಕೊಂಡು ನಿಮ್ಮಲ್ಲೊಬ್ಬರು ಅವಳ ಜೊತೆ ಸುಮ್ಮನೆ ಕೂತು ಪುಸ್ತಕ ಓದಿ. ಮೂಸಲಿ, ಹತ್ತಲಿ, ಇಳಿಯಲಿ. ಮೆತ್ತನೆ ಬಟ್ಟೆಯೊಂದನ್ನು ಅವಳ ಕೆನ್ನೆಗೆ ಸವರಿ, ಕ್ಯಾರವಾನ್‌ನ ಮೂಲೆಗಳಿಗೆ ಅವಳ ಮೂಗಿನ ಎತ್ತರದಲ್ಲಿ ಒರೆಸಿ. ತಾಯಿ ಬೆಕ್ಕು ಮೈಯಿಂದ ಮಾಡುವ ಕೆಲಸವನ್ನು ನೀವು ಬಟ್ಟೆಯಿಂದ ಮಾಡುತ್ತಿದ್ದೀರಿ. ವಾಸನೆಯ ಕ್ಲೀನರ್ ಹಾಕಿ ಮತ್ತೆ ಮತ್ತೆ ಉಜ್ಜಬೇಡಿ, ಹಾಕಿದ ಗುರುತೆಲ್ಲ ಅಳಿಸಿಹೋಗುತ್ತದೆ. ಮುಂದಿನ ವಾರ ಅವಳ ಊಟ ಅಲ್ಲೇ ಆಗಲಿ. ಅದರ ಮುಂದಿನ ವಾರ ಮಕ್ಕಳ ಜೊತೆ ಎರಡು ರಾತ್ರಿ ಅಲ್ಲೇ ಮಲಗಲಿ. ಕ್ಯಾರವಾನ್‌ನ ತೆಳು ಸೂರಿನ ಮೇಲೆ ಮಳೆ ಬಿದ್ದರೆ ತಮಟೆ ಬಡಿದ ಹಾಗಿರುತ್ತದೆ. ಆ ಸದ್ದನ್ನು ಅವಳು ಮನೆಯ ಮುಂದಿರುವಾಗಲೇ ಕೇಳಿರುವುದು ಒಳ್ಳೆಯದು.

ಲಿಟರ್ ಟ್ರೇ ಇಡಲು ಕ್ಯಾರವಾನ್‌ನ ಬಚ್ಚಲೇ ಸರಿಯಾದ ಜಾಗ. ನೆಲ ತೊಳೆಯಬಹುದು, ಅವಳಿಗೂ ಮರೆಯಿರುತ್ತದೆ. ಊಟ, ನೀರು ಅದರಿಂದ ಎಷ್ಟು ದೂರವಾದರೆ ಅಷ್ಟು ಚೆನ್ನ. ಮನೆಯಲ್ಲಿ ಬಳಸುವ ಲಿಟರನ್ನೇ ಒಯ್ಯಿರಿ, ಸ್ವಲ್ಪ ಬಳಸಿದ್ದನ್ನೂ ಬೆರೆಸಿ.

ಒಳಗಿನ ಸಂದುಗಳನ್ನು ನೀವೇ ಮಂಡಿಯೂರಿ, ಬೆಕ್ಕಿನ ಕಣ್ಣಿನಿಂದ ನೋಡಿ. ಸೀಟಿನ ಕೆಳಗಿನ ಪೆಟ್ಟಿಗೆ, ಫ್ರಿಜ್‌ನ ಹಿಂಬದಿ, ನೀರಿನ ಕೊಳವೆಗೆ ಮರ ಕೊರೆದ ತೂತು, ಡ್ರಾಯರ್‌ಗಳ ಹಿಂದಿನ ಪೊಳ್ಳು, ಇವೆಲ್ಲ ಹೆದರಿದ ಬೆಕ್ಕು ನುಸುಳುವ ದಾರಿಗಳು. ಹಲಗೆಯಿಂದಲೋ ಗಟ್ಟಿ ಸ್ಪಂಜಿನಿಂದಲೋ ಅವನ್ನು ಮುಚ್ಚಿ. ನೆಲದಲ್ಲಿರುವ ಗ್ಯಾಸ್ ಮತ್ತು ಗಾಳಿಯ ಕಿಂಡಿಗಳನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬಾರದು, ಅವು ನಿಮ್ಮೆಲ್ಲರ ಪ್ರಾಣ ಕಾಯುವವು. ಎಲ್ಲ ಸಂದು ಮುಚ್ಚಿ ಅವಳಿಗೆ ಅಡಗುತಾಣವೇ ಇಲ್ಲದಂತೆ ಮಾಡಬೇಡಿ. ಒಂದು ರಟ್ಟಿನ ಡಬ್ಬ, ಮೇಲೊಂದು ಹೊದಿಕೆ, ಅಷ್ಟಿದ್ದರೆ ಸಾಕು. ಅಡಗಲು ಜಾಗವಿದ್ದ ಬೆಕ್ಕು ಬೇಗ ಹೊರಬರುತ್ತದೆ.

ಇನ್ನು ರಸ್ತೆ. ಬ್ರಿಟನ್ನಿನಲ್ಲಿ ಎಳೆದೊಯ್ಯುವ ಕ್ಯಾರವಾನ್‌ನೊಳಗೆ ಜನ ಕೂತು ಪ್ರಯಾಣಿಸುವಂತಿಲ್ಲ. ಬೆಕ್ಕನ್ನೂ ಅದರಲ್ಲಿ ಬಿಡಬೇಡಿ. ಓಡುವ ಕ್ಯಾರವಾನ್ ಓಲಾಡುತ್ತದೆ, ಕಪಾಟು ತೆರೆದು ಸಾಮಾನು ಬೀಳುತ್ತದೆ, ಅವಳಿಗೆ ಏನಾದರೂ ಮುಂದಿನ ಕಾರಿನಲ್ಲಿರುವ ನಿಮಗೆ ತಿಳಿಯುವುದಿಲ್ಲ. ಚಿನ್ನಿಯ ಜಾಗ ಕಾರಿನೊಳಗೆ, ಪೆಟ್ಟಿಗೆಯೊಳಗೆ. ಅಲ್ಲಿನ ಹೈವೇ ಕೋಡ್‌ನ 57ನೇ ನಿಯಮವೂ ಚಾಲಕರ ಗಮನ ಕೆಡದಂತೆ, ಗಕ್ಕನೆ ಬ್ರೇಕ್ ಹಾಕಿದಾಗ ಯಾರಿಗೂ ಪೆಟ್ಟಾಗದಂತೆ ಪ್ರಾಣಿಗಳನ್ನು ಕಟ್ಟಿಯೋ ಪೆಟ್ಟಿಗೆಯಲ್ಲಿಟ್ಟೋ ಒಯ್ಯಬೇಕು ಎನ್ನುತ್ತದೆ. ಪೆಟ್ಟಿಗೆಯನ್ನು ಮುಂದಿನ ಸೀಟಿನ ಹಿಂದೆ ಕಾಲಿಡುವ ಜಾಗದಲ್ಲಿ ಕದಲದಂತೆ ಇರಿಸಿ. ಗಾಳಿಯಾಡುವಂತೆ ಮೂರು ಬದಿಗೆ ತೆಳುವಾದ ಟವೆಲ್ ಹೊದಿಸಿ.

ಹೊರಡುವ ಮೂರು-ನಾಲ್ಕು ಗಂಟೆ ಮೊದಲು ಊಟ ನಿಲ್ಲಿಸಿದರೆ ವಾಂತಿಯ ಕಾಟ ಕಡಿಮೆ. ಆದರೂ ಜೊಲ್ಲು ಸುರಿಸಿ ಒರಲುತ್ತಲೇ ಇದ್ದರೆ ವೆಟ್ ಬಳಿ ಹೇಳಿ. ವಾಂತಿಗೂ ಪ್ರಯಾಣದ ಭಯಕ್ಕೂ ಬೆಕ್ಕಿಗೆ ಕೊಡಬಹುದಾದ ಔಷಧಗಳಿವೆ. ನಿಮ್ಮ ಮಾತ್ರೆ ಮುರಿದು ಕೊಡಬೇಡಿ. ನಾವು ಜ್ವರಕ್ಕೆ ನುಂಗುವ ಒಂದು ಪ್ಯಾರಾಸಿಟಮಾಲ್ ಬೆಕ್ಕಿನ ಜೀವ ತೆಗೆಯಬಲ್ಲದು.

ಮೊದಲ ಪ್ರಯಾಣ ಅರ್ಧ ಗಂಟೆಯದು, ಹೋಗಿ ಮನೆಗೇ ಮರಳುವುದು. ಎರಡನೆಯದು ನ್ಯೂ ಫಾರೆಸ್ಟ್‌ನಂಥ ಹತ್ತಿರದ ಜಾಗಕ್ಕೆ, ಎರಡು ರಾತ್ರಿಗೆ. ಕಾರ್ನ್‌ವಾಲ್‌ನ ತುದಿ ನಿಮ್ಮಿಂದ ಸುಮಾರು 400 ಕಿಲೋಮೀಟರ್. ಕ್ಯಾರವಾನ್ ಎಳೆಯುವ ಕಾರಿಗೆ ಮೋಟರ್‌ವೇಯಲ್ಲೂ ಗಂಟೆಗೆ 60 ಮೈಲಿಯೇ ಮಿತಿ, ಬೇಸಿಗೆ ರಜೆಯ ದಟ್ಟಣೆ ಬೇರೆ. ಇಡೀ ದಿನದ ಹಾದಿ ಎಂದುಕೊಂಡೇ ಹೊರಡಿ. ನಡುವೆ ನಿಂತಾಗ ನೀರು ತೋರಿಸಿ, ಕಾರಿನ ಬಾಗಿಲು, ಕಿಟಕಿಗಳೆಲ್ಲ ಮುಚ್ಚಿವೆ ಎಂದು ಖಾತ್ರಿಯಾಗದೆ ಪೆಟ್ಟಿಗೆ ತೆರೆಯಬೇಡಿ. ಹೊರಗೆ 22 ಡಿಗ್ರಿ ಇರುವ ಹಿತವಾದ ದಿನವೂ ನಿಂತ ಕಾರಿನೊಳಗೆ ಒಂದು ಗಂಟೆಯಲ್ಲಿ 47 ಡಿಗ್ರಿ ತಲುಪಬಹುದು ಎಂದು ಅಲ್ಲಿನ ಪ್ರಾಣಿದಯಾ ಸಂಘ ಎಚ್ಚರಿಸುತ್ತದೆ. ನೀವು ಚಹಾಕ್ಕೆ ಹೋದರೂ ಒಬ್ಬರು ಅವಳ ಬಳಿ ಇರಲೇಬೇಕು. ಬೆಂಗಳೂರಿನಿಂದ ಹಬ್ಬಕ್ಕೆ ಊರಿಗೆ ಬೆಕ್ಕನ್ನು ಕಾರಿನಲ್ಲಿ ಒಯ್ಯುವ ಇಲ್ಲಿನ ಓದುಗರಿಗೂ ಇದು ಅಷ್ಟೇ ನಿಜ, ನಮ್ಮ ಬಿಸಿಲಿನಲ್ಲಿ ಇನ್ನೂ ನಿಜ.

ಕ್ಯಾರವಾನ್ ನಿಲ್ಲಿಸುವ ಸೈಟ್ ತಲುಪಿದ ಮೇಲೆ ಕೆಲಸಕ್ಕೊಂದು ಕ್ರಮ ಇರಲಿ. ಕ್ಯಾರವಾನ್ ಬಿಡಿಸುವುದು, ಕಾಲು ಇಳಿಸುವುದು, ನೀರು, ಕರೆಂಟು, ಎಲ್ಲ ಮುಗಿಯುವ ತನಕ ಚಿನ್ನಿ ಪೆಟ್ಟಿಗೆಯಲ್ಲೇ ನೆರಳಿನಲ್ಲಿರಲಿ, ಮಕ್ಕಳಲ್ಲೊಬ್ಬರು ಕಾವಲಿರಲಿ. ಬಾಗಿಲು ಮುಚ್ಚಿದ ಮೇಲೆಯೇ ಅವಳನ್ನು ಬಿಡುವುದು. ಹೊರಡುವ ದಿನ ಕ್ರಮ ತಿರುವುಮುರುವು: ಮೊದಲು ಬೆಕ್ಕು ಪೆಟ್ಟಿಗೆಗೆ, ಆಮೇಲೆ ಉಳಿದದ್ದು. ಮೇಜು ಮಡಚುವ, ಕಾಲು ಎತ್ತುವ ಗಲಾಟೆಗೆ ಗಾಬರಿಯಾದ ಬೆಕ್ಕು ಆ ಹೊತ್ತಿನಲ್ಲೇ ತಪ್ಪಿಸಿಕೊಳ್ಳುವುದು.

ಕ್ಯಾರವಾನ್‌ನ ಕಿಟಕಿಗಳು ಮೇಲ್ತುದಿಯಲ್ಲಿ ಕೀಲಿಟ್ಟು ಕೆಳಗಿನಿಂದ ಹೊರಕ್ಕೆ ತೆರೆಯುವಂಥವು. ಒಳಗಿನ ಸೊಳ್ಳೆ ಪರದೆ ಬೆಕ್ಕಿನ ಉಗುರಿಗೆ ಬಾಳೆ ಎಲೆಯಿದ್ದಂತೆ. ಮೊದಲ ಸಂದಿಗಷ್ಟೇ ತೆರೆದು ಚಿಲಕ ಹಾಕಿ. ಬಾಗಿಲಿಗೆ ತಾಗಿದಂತೆ ಗುಡಾರ ಹಾಕುವುದಾದರೆ ಅದನ್ನು ನಮ್ಮ ಹಳೆಯ ಮನೆಗಳ ಜಗಲಿಯಂತೆ ಬಳಸಿ. ಒಂದು ಬಾಗಿಲು ಮುಚ್ಚದೆ ಇನ್ನೊಂದು ತೆರೆಯಬಾರದು. ಈ ನಿಯಮವನ್ನು ಪಾಲಿಸುವ ಜವಾಬ್ದಾರಿ ಮಕ್ಕಳಿಗೆ ಕೊಡಿ, ದೊಡ್ಡವರಿಗಿಂತ ಕಟ್ಟುನಿಟ್ಟಾಗಿ ನಡೆಸುತ್ತಾರೆ.

ಚಿನ್ನಿ ಹಿತ್ತಲಿಗೆ ಹೋಗಿ ರೂಢಿಯಿರುವವಳು, ಹೊರಗೆ ಬಿಡಿ ಎಂದು ಬಾಗಿಲು ಕೆರೆಯುತ್ತಾಳೆ. ನಿಮಗೆ ಪಾಪ ಅನ್ನಿಸುತ್ತದೆ. ಆದರೆ ಹಿತ್ತಲು ಅವಳು ವರ್ಷಗಟ್ಟಲೆ ಓಡಾಡಿ ಬಲ್ಲ ಜಾಗ, ಸೈಟ್‌ನಲ್ಲಿ ಮರಳಿ ಬರುವ ದಾರಿಗೆ ಗುರುತೇ ಇಲ್ಲ. ಅವಳನ್ನು ಸಡಿಲ ಬಿಡುವ ಮಾತೇ ಬೇಡ. ಸಾಕುಪ್ರಾಣಿಗಳನ್ನು ಬಿಡುವ ಸೈಟ್‌ಗಳಲ್ಲೂ ಅವು ಕಟ್ಟಿನಲ್ಲೇ ಇರಬೇಕೆಂಬ ನಿಯಮ ಸಾಮಾನ್ಯ, ಬುಕ್ ಮಾಡುವಾಗಲೇ ಬೆಕ್ಕಿದೆ ಎಂದು ಹೇಳಿ. ಎದೆ ಸುತ್ತುವ ಅಂಗಿಯಂಥ ಹಾರ್ನೆಸ್ ತಂದು ಮನೆಯಲ್ಲೇ ರೂಢಿ ಮಾಡಿಸಿ: ಮೊದಲು ಬರೀ ಮೂಸಲು, ಆಮೇಲೆ ಊಟದ ಹೊತ್ತಿಗೆ ಐದು ನಿಮಿಷ, ಆಮೇಲೆ ಹಿತ್ತಲಿನಲ್ಲಿ ದಾರದೊಂದಿಗೆ. ಬೆಕ್ಕು ಹಿಂದಕ್ಕೆ ಸರಿದು ಹಾರ್ನೆಸ್‌ನಿಂದ ಜಾರಿಕೊಳ್ಳುವುದರಲ್ಲಿ ನಿಪುಣ, ನಿಮ್ಮ ಬೆರಳು ಮಾತ್ರ ತೂರುವಷ್ಟು ಬಿಗಿ ಇರಲಿ. ನಾಯಿಗಳ ಓಡಾಟ ತಗ್ಗಿದ ಹೊತ್ತು ನೋಡಿ ಹೊರಗೆ ಕರೆದೊಯ್ಯಿರಿ, ಬಂದ ಮೇಲೆ ಕಿವಿ, ಕತ್ತು ಸವರಿ ಉಣ್ಣೆ ಹುಳು ಹತ್ತಿದೆಯೇ ನೋಡಿ. ಉಣ್ಣೆಗೆಂದು ನಾಯಿಯ ಔಷಧ ಹಚ್ಚಬೇಡಿ. ಅವುಗಳಲ್ಲಿ ಕೆಲವಕ್ಕೆ ಬೆರೆಸುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಎಥಿಲೀನ್ ಗ್ಲೈಕಾಲ್ ಕೂಡ ಹಾಗೆಯೇ. ಕಾರಿನ ಆಂಟಿಫ್ರೀಜ್‌ನಲ್ಲಿಯೂ ಕೆಲವು ಕ್ಯಾರವಾನ್‌ಗಳ ಬಿಸಿನೀರಿನ ಹೀಟರ್‌ನಲ್ಲಿಯೂ ಅದಿರುತ್ತದೆ, ಸೋರಿದ್ದು ಕಂಡರೆ ಕೂಡಲೇ ಒರೆಸಿ.

ಇಷ್ಟಾದರೂ ತಪ್ಪಿಸಿಕೊಂಡರೆ ಕಾರು ಹತ್ತಿ ದೂರ ಹುಡುಕಲು ಓಡಬೇಡಿ. ಕಾಣೆಯಾದ ಬೆಕ್ಕುಗಳ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಿಕ್ಕ ಬೆಕ್ಕುಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ತಪ್ಪಿಸಿಕೊಂಡ ಜಾಗದಿಂದ 500 ಮೀಟರಿನೊಳಗೇ ಇದ್ದವು. ಹೆದರಿದ ಬೆಕ್ಕು ಹತ್ತಿರದಲ್ಲೇ ಉಸಿರು ಬಿಗಿಹಿಡಿದು ಕೂತಿರುತ್ತದೆ, ಯಜಮಾನರು ಕರೆದರೂ ದನಿಗೊಡುವುದಿಲ್ಲ. ಪಕ್ಕದ ಕ್ಯಾರವಾನ್‌ಗಳ ಅಡಿ, ಗುಡಾರದ ಮಡಿಕೆ, ಬೇಲಿಯ ಬುಡ, ಕಾರಿನ ಚಕ್ರದ ಮೇಲ್ಭಾಗ ನೋಡಿ. ಸದ್ದಡಗಿದ ರಾತ್ರಿ ಟಾರ್ಚ್ ಹಿಡಿದು ನೆಲದ ಮಟ್ಟಕ್ಕೆ ಬಗ್ಗಿದರೆ ಹೊಳೆಯುವ ಕಣ್ಣು ಕಂಡೀತು. ಕ್ಯಾರವಾನ್ ಅಲ್ಲಿಂದ ಕದಲಿಸಬೇಡಿ, ಅವಳ ಹಾಸಿಗೆ ಮೆಟ್ಟಿಲ ಬಳಿ ಇಡಿ.

ಮೈಕ್ರೋಚಿಪ್ ಆ ಹೊತ್ತಿಗೆ ನೆರವಾಗುತ್ತದೆ. ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ, ಸಾಕಿದ ಬೆಕ್ಕಿಗೆ 20 ವಾರ ತುಂಬುವುದರೊಳಗೆ ಚಿಪ್ ಹಾಕಿಸುವುದು ಕಡ್ಡಾಯ. ತಪ್ಪಿದರೆ 500 ಪೌಂಡ್‌ವರೆಗೆ ದಂಡ. ಅಕ್ಕಿಕಾಳಿನಷ್ಟಿರುವ ಆ ಚಿಪ್ ಬೆಕ್ಕು ಎಲ್ಲಿದೆ ಎಂದು ತೋರಿಸುವುದಿಲ್ಲ, ಸಿಕ್ಕ ಬೆಕ್ಕು ಯಾರದೆಂದು ಮಾತ್ರ ಹೇಳುತ್ತದೆ. ಅದರಲ್ಲಿ ನೋಂದಾಯಿಸಿದ ಮೊಬೈಲ್ ನಂಬರು ಈಗಿನದೇ ಎಂದು ಇವತ್ತೇ ನೋಡಿಕೊಳ್ಳಿ.

ಫ್ರಾನ್ಸಿಗೆ ಕಾಗದಪತ್ರ ಹೆಚ್ಚು. ಬ್ರಿಟನ್ನಿನಲ್ಲಿ ಕೊಟ್ಟ ಹಳೆಯ ಪ್ರಾಣಿ ಪಾಸ್‌ಪೋರ್ಟ್ 2021ರ ಜನವರಿ 1ರಿಂದ ಯುರೋಪಿಗೆ ನಡೆಯುವುದಿಲ್ಲ. ಚಿಪ್ ಮೊದಲು, ಅದರ ನಂತರ ರೇಬೀಸ್ ಲಸಿಕೆ. ಮೊದಲ ಲಸಿಕೆಯಾದ ಮೇಲೆ 21 ದಿನ ಕಾಯಬೇಕು. ಅಧಿಕೃತ ವೆಟ್ ಕೊಡುವ ಆರೋಗ್ಯ ಪ್ರಮಾಣಪತ್ರದ ತಾರೀಖು ಯುರೋಪ್ ಪ್ರವೇಶಕ್ಕೆ 10 ದಿನದೊಳಗಿನದಾಗಿರಬೇಕು. ನಿಯಮಗಳು ಬದಲಾಗುತ್ತಿರುವ ಕಾಲವಿದು, ಟಿಕೆಟ್ ಕೊಳ್ಳುವ ಮೊದಲೇ ನಿಮ್ಮ ವೆಟ್ ಹತ್ತಿರ ಕೂತು ದಿನ ಲೆಕ್ಕ ಹಾಕಿ. ದಾರಿಗೆ ಇಂಗ್ಲಿಷ್ ಕಾಲುವೆಯ ಕೆಳಗಿನ ಸುರಂಗದ ರೈಲು ಆರಿಸಿಕೊಂಡರೆ ಅವಳು ಉದ್ದಕ್ಕೂ ನಿಮ್ಮ ಕಾರಿನಲ್ಲೇ, ನಿಮ್ಮ ಪಕ್ಕದಲ್ಲೇ ಇರುತ್ತಾಳೆ.

ಕೊನೆಗೆ, ಅವಳ ಒಪ್ಪಿಗೆಯನ್ನು ಓದುವುದು ಹೇಗೆ? ಹೊಸ ಜಾಗದ ಮೊದಲ ಸಂಜೆ ಊಟ ಬಿಟ್ಟರೆ ಗಾಬರಿ ಬೇಡ. 24 ಗಂಟೆ ಕಳೆದರೂ ಬಾಯಿ ಮುಟ್ಟದಿದ್ದರೆ ಹತ್ತಿರದ ವೆಟ್‌ಗೆ ಫೋನ್ ಮಾಡಿ. ಉಪವಾಸ ಬಿದ್ದ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ ಯಕೃತ್ತು ಕೆಲವೇ ದಿನಗಳಲ್ಲಿ ಕೆಡಬಹುದು. ಮತ್ತೆ ಮತ್ತೆ ಟ್ರೇಗೆ ಹೋಗಿ ತಿಣುಕುವುದು ಭಯದಿಂದ ಮೂತ್ರಕೋಶ ಕೆರಳಿದ ಗುರುತಿರಬಹುದು. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರಂತೂ ಗಂಟೆಗಳ ಲೆಕ್ಕ, ಬೆಳಗಾಗಲಿ ಎಂದು ಕಾಯಬಾರದು. ಮೂರು ಸಣ್ಣ ಪ್ರಯಾಣಗಳ ಮೇಲೂ ಅವಳು ಡಬ್ಬದಿಂದ ಹೊರಬರದಿದ್ದರೆ ಅದೇ ಅವಳ ಉತ್ತರ. ಮಕ್ಕಳಿಗೆ ಹಾಗೆಂದು ತಿಳಿಸಿ ಹೇಳಿ. ಆಗ ಮನೆಗೇ ಬಂದು ನೋಡಿಕೊಳ್ಳುವವರನ್ನು ಗೊತ್ತುಮಾಡಿ, ಇಲ್ಲವೇ ಪರವಾನಗಿ ಇರುವ ಬೆಕ್ಕಿನ ಬೋರ್ಡಿಂಗ್ ನೋಡಿ. ಅವಳನ್ನು ಅವಳ ಮನೆಯಲ್ಲೇ ಬಿಟ್ಟು ಹೋಗುವುದು ಕೈಬಿಟ್ಟಂತಲ್ಲ, ಅದೂ ಪ್ರೀತಿಯೇ.

ಆದರೆ ನಿಮ್ಮ ಮನೆಯ ಮುಂದೆ ನಿಂತ ಕ್ಯಾರವಾನ್‌ನಲ್ಲಿ ಒಂದು ಮಧ್ಯಾಹ್ನ, ಯಾರೂ ಕರೆಯದೆ ಚಿನ್ನಿ ತಾನೇ ಒಳಗೆ ಬಂದು, ಬಾಗಿಲಿನ ಅಂಚಿಗೆ ಕೆನ್ನೆ ಉಜ್ಜಿ, ಹೊಟ್ಟೆ ಮೇಲಾಗಿ ಮಲಗಿದರೆ ಮೊದಲು ಅಮ್ಮನನ್ನು ಕರೆದು ತೋರಿಸಿ. ಏಳು ಮನೆ ಕಂಡ ಬೆಕ್ಕುಗಳನ್ನು ನೋಡುತ್ತ ಬೆಳೆದವರು ಅವರು. ಅವಳು ಈ ಮನೆಯನ್ನೂ ನಂಬಿದ್ದಾಳೆ ಎಂದು ಅವರಿಗೆ ನೋಡಿದೊಡನೆ ತಿಳಿಯುತ್ತದೆ. ಅವರು ಹೂಂ ಅಂದ ಮೇಲೆ ಹೊರಡಿ.